‘ಏನಿಲ್ಲ’ ಎಂದ ನೀರು

ಪಂಚಾಕ್ಷರಯ್ಯನವರು ಮೂವತ್ತೊಂದು ವರ್ಷ ಅಂಗಡಿಯವರ ತಕ್ಕಡಿಗಳನ್ನು ಪರೀಕ್ಷೆ ಮಾಡಿ ನಿವೃತ್ತರಾದವರು. ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರ್. ಸಂತೆಯ ಈ ತುದಿಯಲ್ಲಿ ಅವರ ಸ್ಕೂಟರ್ ನಿಂತರೆ ಆ ತುದಿಯ ಈರುಳ್ಳಿಯವನು ತಕ್ಕಡಿಯ ತಟ್ಟೆ ಒರೆಸಿಕೊಳ್ಳುತ್ತಿದ್ದ.

ಅವರು ಹೋಗಿ ನಿಂತ ಕೂಡಲೇ ಪ್ರತಿ ಅಂಗಡಿಯವನೂ ಹೇಳುತ್ತಿದ್ದ ಮಾತು ಒಂದೇ.

“ಏನಿಲ್ಲ ಸ್ವಾಮಿ, ಎಲ್ಲಾ ಸರಿಯಾಗಿದೆ.”

ಅದಕ್ಕೆ ಅವರ ಉತ್ತರವೂ ಒಂದೇ.

“ನೀನು ಸುಮ್ಮನಿರಯ್ಯ. ತಕ್ಕಡಿ ಹೇಳಲಿ.”

ತಕ್ಕಡಿ ಹೇಳುತ್ತಿತ್ತು. ತಟ್ಟೆಯ ಅಡಿಗೆ ಅಂಟಿಸಿದ ಹುಣಸೆಹಣ್ಣಿನ ಉಂಡೆ, ಒಳಗೆ ಕೊರೆದು ಹಗುರ ಮಾಡಿದ ತೂಕದ ಕಲ್ಲು, ಎಲ್ಲವೂ ಹೊರಗೆ ಬರುತ್ತಿತ್ತು. ಹೀಗೆ ವರ್ಷಗಳು ಕಳೆದಂತೆ ಅವರೊಳಗೆ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತು. ಬಾಯಿ ಸುಳ್ಳಾಡುತ್ತದೆ, ಸಾಧನ ಸುಳ್ಳಾಡುವುದಿಲ್ಲ.

ಮನೆಯಲ್ಲಿ ಮಾತ್ರ ಈ ನಂಬಿಕೆಗೆ ರಜೆ. ಹೆಂಡತಿ ಗಿರಿಜಾಂಬ “ಏನಿಲ್ಲ” ಎಂದರೆ ಅಲ್ಲಿಗೆ ಮಾತು ಮುಗಿಯಿತು. ಯಾಕೆ ಸಪ್ಪಗಿದ್ದೀಯ ಎಂದರೆ ಏನಿಲ್ಲ. ಊಟ ಯಾಕೆ ಬಿಟ್ಟೆ ಎಂದರೆ ಏನಿಲ್ಲ. ಅವರು ತಲೆಯಾಡಿಸಿ ಪೇಪರಿಗೆ ಮರಳುತ್ತಿದ್ದರು. ಇಡೀ ದಿನ ಊರವರನ್ನೆಲ್ಲ ಅನುಮಾನಿಸಿ ದಣಿದು ಬಂದವರಿಗೆ, ಮನೆಯಲ್ಲಿ ಒಂದು ಬಾಯಿಯನ್ನಾದರೂ ಕಣ್ಣುಮುಚ್ಚಿ ನಂಬುವುದು ಎಷ್ಟೋ ನಿರಾಳ. ಅದನ್ನೇ ಅವರು ಪ್ರೀತಿ ಎಂದುಕೊಂಡಿದ್ದರು. ಒಂದು ಲೆಕ್ಕದಲ್ಲಿ ಅದು ಪ್ರೀತಿಯೇ ಆಗಿತ್ತು.

ನಿವೃತ್ತರಾದ ಮೂರನೆಯ ವರ್ಷ ಗಿರಿಜಾಂಬ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಮೂಳೆ ಕೂಡಿಕೊಂಡಿತು, ಕಾಲು ಮಾತ್ರ ಮಾತು ಕೇಳಲಿಲ್ಲ. ಗೋಡೆ ಹಿಡಿದು ಅಡುಗೆಮನೆ ಮುಟ್ಟುವುದರೊಳಗೆ ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು.

“ಸೊಂಟದ ಮಟ್ಟದ ನೀರಲ್ಲಿ ದಿನಾ ಅರ್ಧ ಗಂಟೆ ನಡೆಸಿ,” ಎಂದರು ಡಾಕ್ಟರು. “ನೀರಲ್ಲಿ ಮೈಭಾರ ಗೊತ್ತಾಗಲ್ಲ. ಆರು ತಿಂಗಳು ನಡೆದರೆ ಕೋಲೂ ಬೇಡ. ಸುಮ್ಮನೆ ಕೂತರೆ ಗಾಲಿಕುರ್ಚಿಯೇ ಗತಿ.”

ಊರಲ್ಲಿ ಈಜುಕೊಳ ಇದ್ದದ್ದು ಕ್ಲಬ್ಬಿನಲ್ಲಿ ಒಂದೇ. ಗಿರಿಜಾಂಬ ಹೊರಗಿನಿಂದ ಒಮ್ಮೆ ಇಣುಕಿ ನೋಡಿ ಸೆರಗು ಹೊದ್ದುಕೊಂಡು ವಾಪಸ್ಸು ಬಂದು ಆಟೋದಲ್ಲಿ ಕೂತರು.

“ಅಲ್ಲಿ ಗಂಡಸರು ಚಡ್ಡೀಲಿ ಓಡಾಡ್ತಿದಾರೆ. ನಾನು ಬರಲ್ಲ ರೀ.”

“ಹಾಗಾದರೆ ಕೊಳವೇ ನಿನ್ನ ಹತ್ತಿರ ಬರುತ್ತೆ ಬಿಡು,” ಎಂದರು ಪಂಚಾಕ್ಷರಯ್ಯ.

ಹೇಳಿದಂತೆ ಮಾಡಿದರು. ಮನೆಯ ಹಿಂದಿನ ಅಂಗಳದಲ್ಲಿ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ಪುಟ್ಟ ಕೊಳ ಎದ್ದಿತು. ಇಳಿಯಲು ಮೆಟ್ಟಿಲು, ಹಿಡಿಯಲು ಸ್ಟೀಲಿನ ಸರಳು. ಪಕ್ಕದ ಮನೆಯ ಮಹಡಿಯಿಂದ ಯಾರೂ ನೋಡಬಾರದೆಂದು ಸುತ್ತಲೂ, ಮೇಲೂ ತಗಡಿನ ಹೊದಿಕೆ. ಗಾಳಿಗೆ ಒಂದು ಸಣ್ಣ ಕಿಟಕಿ. ಚಳಿಗೆ ಅದನ್ನೂ ಮುಚ್ಚುತ್ತಿದ್ದರು.

ಮೊದಲ ದಿನ ಗಿರಿಜಾಂಬ ಹಳೆಯ ನೈಟಿ ತೊಟ್ಟು ಮೇಲಿನ ಮೆಟ್ಟಿಲ ಮೇಲೆ ತುಂಬಾ ಹೊತ್ತು ನಿಂತರು.

“ಏನು?” ಎಂದರು ಗಂಡ.

“ಏನಿಲ್ಲ.”

“ಮತ್ತೆ ಇಳಿ.”

ಮನೆಗೆಲಸದ ದೊಡ್ಡತಾಯಮ್ಮ ಪಕ್ಕದಲ್ಲೇ ಇದ್ದಳು. ಇಪ್ಪತ್ತು ವರ್ಷದಿಂದ ಆ ಮನೆಯ ಪಾತ್ರೆ ತಿಕ್ಕಿದವಳು, ಬಾಯಿಗೆ ಬೀಗ ಇಲ್ಲದವಳು.

“ಅಮ್ಮಾವ್ರೇ, ಎಮ್ಮೆ ಕೆರೆಗಿಳಿದಂಗೆ ಸುಮ್ನೆ ಇಳೀರಿ, ಮತ್ತೆ ಯೋಚ್ನೆ ಮಾಡಬ್ಯಾಡಿ.”

“ಯಾರೇ ಎಮ್ಮೆ?”

“ನಾನೇ ಅನ್ಕಳಿ. ನಿಮ್ ಸೊಂಟ ನೆಟ್ಟಗಾದ್ರೆ ನನ್ನ ಏನಾರ ಅನ್ಕಳಿ.”

ಮೂವರೂ ನಕ್ಕರು. ಗಿರಿಜಾಂಬ ಇಳಿದರು. ಸರಳು ಹಿಡಿದ ಅವರ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಕಾಲುನೋವಿಗೆ ಹಾಗೆ ಹಿಡಿದಿದ್ದಾಳೆ ಎಂದುಕೊಂಡರು ಪಂಚಾಕ್ಷರಯ್ಯ.

ಕೊಳದ ನೀರು ಬಾವಿಯ ನೀರಿನಂತಲ್ಲ. ಅದನ್ನು ದಿನಾ ವಿಚಾರಿಸಿಕೊಳ್ಳಬೇಕು. ಕ್ಲೋರಿನ್ ಕಡಿಮೆಯಾದರೆ ಪಾಚಿ ಕಟ್ಟುತ್ತದೆ, ರೋಗ ಬರುತ್ತದೆ. ಹೆಚ್ಚಾದರೆ ಕಣ್ಣು, ಮೈ, ಎದೆ ಉರಿಯುತ್ತದೆ. ನೀರಿನ ಹುಳಿಯೂ, ಅಂದರೆ ಆಮ್ಲದ ಅಂಶವೂ, ಹಾಗೇ ಹದದಲ್ಲಿರಬೇಕು. ಇದನ್ನು ನೋಡಲು ಒಂದು ಪುಟ್ಟ ಡಬ್ಬಿ ಬರುತ್ತದೆ. ಅದರಲ್ಲಿ ಎರಡು ಗಾಜಿನ ಕೊಳವೆ, ಎರಡು ಹನಿಸೀಸೆ, ಬಣ್ಣಗಳ ಒಂದು ಪಟ್ಟಿ. ಎಡಗಡೆಯ ಕೊಳವೆಗೆ ನೀರು ತುಂಬಿ ಹನಿ ಹಾಕಿದರೆ ಕ್ಲೋರಿನ್ ಇದ್ದಷ್ಟು ಗುಲಾಬಿ ಬಣ್ಣ ಏರುತ್ತದೆ. ಬಲಗಡೆಯ ಕೊಳವೆ ಹುಳಿಯದು. ಹುಳಿ ಹೆಚ್ಚಿದ್ದರೆ ಹಳದಿ, ಕಡಿಮೆಯಿದ್ದರೆ ಕೆಂಪು, ಹದವಾಗಿದ್ದರೆ ನಡುವಿನ ಕಿತ್ತಳೆಗೆಂಪು.

ಪಂಚಾಕ್ಷರಯ್ಯನವರಿಗೆ ಹೋದ ಕೆಲಸ ಮರಳಿ ಸಿಕ್ಕಿದಂತಾಯಿತು. ಬೆಳಿಗ್ಗೆ ಆರೂವರೆಗೆ ಮೊಣಕೈವರೆಗೆ ಕೈ ಮುಳುಗಿಸಿ ಅಡಿಯ ನೀರು ತೆಗೆಯುವರು. ಬಿಳಿ ಗೋಡೆಗೆ ಎದುರಾಗಿ ಕೊಳವೆ ಹಿಡಿದು, ಒಂದು ಕಣ್ಣು ಮುಚ್ಚಿ ಪಟ್ಟಿಗೆ ಹೋಲಿಸುವರು. ಕ್ಲೋರಿನ್ ಪುಡಿಯನ್ನು ಚಮಚದಲ್ಲಿ ಹಾಕುವುದು ಅವರಿಗೆ ಆಗದ ಕೆಲಸ. ಅಟ್ಟದಿಂದ ತಮ್ಮ ಹಳೆಯ ಹಿತ್ತಾಳೆ ತಕ್ಕಡಿ ಇಳಿಸಿದ್ದರು. ಮುಳ್ಳು ನಡುವೆ ನಿಂತು ಅಲುಗಾಡದೆ ಇದ್ದ ಮೇಲೆಯೇ ಪುಡಿ ನೀರಿಗೆ.

“ಅದೇನ್ ಯಜಮಾನ್ರೇ, ಚಿನ್ನ ತೂಗ್ದಂಗೆ ತೂಗ್ತೀರಿ?” ಎನ್ನುವಳು ದೊಡ್ಡತಾಯಮ್ಮ.

“ನಿಮ್ಮಮ್ಮಾವ್ರು ಇಳಿಯೋ ನೀರು ಕಣೇ ಇದು.”

ಆ ಮಾತು ಒಳಗೆ ಗಿರಿಜಾಂಬರ ಕಿವಿಗೂ ಬೀಳುತ್ತಿತ್ತು.

ನೀರು ಹದವಾಗಿತ್ತು. ಕಾಲು ನಿಧಾನವಾಗಿ ಮಾತು ಕೇಳತೊಡಗಿತು. ಮೊದಲ ವಾರ ನಾಲ್ಕು ಸುತ್ತು. ಎರಡನೆಯ ತಿಂಗಳು ಹದಿನೈದು. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಅವರು ಯಾರನ್ನೂ ಕರೆಯದೆ ಒಲೆ ಮುಂದೆ ನಿಂತು ಆರು ದೋಸೆ ಹೊಯ್ದರು. ಪಂಚಾಕ್ಷರಯ್ಯ ಏಳನೆಯದು ಬೇಕೆಂದರು. ಹಸಿವಿಗಲ್ಲ, ಅವಳು ಇನ್ನಷ್ಟು ಹೊತ್ತು ನಿಂತಿರುವುದನ್ನು ನೋಡಲು.

“ಇನ್ನೆರಡು ತಿಂಗಳು,” ಎಂದರು. “ಆಮೇಲೆ ಕೋಲು ಬಿಸಾಡು.”

ಐದನೆಯ ತಿಂಗಳು ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದರು. ಎರಡು ದಿನಕ್ಕೆಂದು ಹೋದವರನ್ನು ನೆಂಟರು ಐದು ದಿನ ಬಿಡಲಿಲ್ಲ. ಮರಳಿ ಬಂದು ನೋಡಿದರೆ ಕೊಳದ ನೀರು ತಿಳಿಹಸಿರು.

ಪುಡಿಯ ಡಬ್ಬಿಯೂ ತಳ ಕಂಡಿತ್ತು. ಪೇಟೆಗೆ ಹೋದರು. ಹಳೆಯ ಪುಡಿ ಇರಲಿಲ್ಲ, ಅಂಗಡಿಯವನು ಬೇರೆ ಡಬ್ಬಿ ಕೊಟ್ಟ. ಮನೆಗೆ ಬಂದು ಪಂಚಾಕ್ಷರಯ್ಯ ಕನ್ನಡಕ ಏರಿಸಿ ಡಬ್ಬಿಯ ಮೇಲಿನ ಬರಹ ಓದಿದರು. ನಿವ್ವಳ ತೂಕ ಎಂದು ಬರೆದಿತ್ತು. ಅಷ್ಟಕ್ಕೇ ಬಿಡುವ ಜೀವವಲ್ಲ ಅದು. ಪುಡಿಯನ್ನೆಲ್ಲ ಸುರಿದು ತೂಗಿ ನೋಡಿದರು. ಬರೆದಷ್ಟೇ ಇತ್ತು, ಒಂದು ಗ್ರಾಮೂ ಮೋಸವಿಲ್ಲ. ಸಂತೋಷವಾಯಿತು.

ತೂಕದ ಕೆಳಗಿನ ಸಾಲಿನಲ್ಲಿ ಆ ಪುಡಿಯ ಕಸುವು ಎಷ್ಟೆಂದು ಬರೆದಿತ್ತು. ಹಳೆಯ ಪುಡಿಗಿಂತ ಅದು ಎರಡು ಪಟ್ಟು. ಆ ಸಾಲನ್ನು ಅವರು ಓದಲಿಲ್ಲ. ಜೀವಮಾನವೆಲ್ಲ ತೂಕ ನೋಡಿದವರು, ತೂಕ ನೋಡಿದ ಮೇಲೆ ನೋಡುವುದು ಇನ್ನೇನಿದೆ ಎನ್ನುವ ಹಾಗೆ ಕನ್ನಡಕ ತೆಗೆದಿಟ್ಟರು.

ಹಸಿರು ನೀರಿಗೆಂದು ಮಾಮೂಲಿಯ ಮೂರರಷ್ಟು ತೂಗಿ ಹಾಕಿದರು. ಮಾರನೆಯ ಬೆಳಿಗ್ಗೆ ನೀರು ಕನ್ನಡಿಯ ಹಾಗಿತ್ತು. ಅಡಿಯ ಹೆಂಚಿನ ಗೆರೆಗಳನ್ನು ಎಣಿಸಬಹುದಿತ್ತು. ಎಡಗಡೆಯ ಕೊಳವೆಗೆ ನೀರು ತುಂಬಿ ಹನಿ ಬಿಟ್ಟರು. ಗುಲಾಬಿ ಬಣ್ಣ ಕಣ್ಣು ಮಿಟುಕಿಸುವಷ್ಟರಲ್ಲಿ ಮಿಂಚಿ ಮಾಯವಾಯಿತು. ಕೊಳವೆಯಲ್ಲಿ ಉಳಿದದ್ದು ಬರೀ ನೀರಿನ ಬಣ್ಣ.

ಇನ್ನೊಂದು ಸಲ ನೋಡಿದರು. ಹಾಗೆಯೇ.

“ಏನೂ ಇಲ್ಲ,” ಎಂದರು ತಮಗೆ ತಾವೇ. “ಹಾಕಿದ್ದನ್ನೆಲ್ಲ ಪಾಚಿ ತಿಂದುಬಿಟ್ಟಿದೆ.”

ಇನ್ನಷ್ಟು ತೂಗಿ ಹಾಕಿದರು.

ಮಾರನೆಯ ದಿನವೂ ಕೊಳವೆ ಬಿಳಿ. ಇನ್ನಷ್ಟು. ಅದರ ಮಾರನೆಯ ದಿನವೂ ಬಿಳಿ. ಬಲಗಡೆಯ ಕೊಳವೆಯದು ಬೇರೆ ತಕರಾರು. ಪಟ್ಟಿಯಲ್ಲೇ ಇಲ್ಲದ ನೇರಳೆ ಬಣ್ಣ ತೋರಿಸತೊಡಗಿತು. ಕೆಂಪಿನ ಆಚೆಗೂ ಹೋಗಿದೆ, ಹುಳಿ ತೀರಾ ಇಳಿದಿದೆ ಎಂದುಕೊಂಡು ಅವರು ದಿನಾ ಸ್ವಲ್ಪ ಸ್ವಲ್ಪ ಆಸಿಡ್ ಸೇರಿಸಿದರು. ಅತಿಯಾದ ಕ್ಲೋರಿನ್ ಆ ಹನಿಯ ಬಣ್ಣವನ್ನೂ ಕೆಡಿಸುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಂಥ ನೀರಿಗೆ ಆಸಿಡ್ ಬಿದ್ದರೆ ನೀರ ಮೇಲೆ ವಿಷದ ಹಬೆ ಆಡುತ್ತದೆ ಎಂಬುದೂ ಗೊತ್ತಿರಲಿಲ್ಲ.

ಮೂಗಿಗೆ ತಿಳಿಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ನಲವತ್ತು ವರ್ಷ ನಶ್ಯ ಏರಿಸಿ ಅವರ ಮೂಗು ಎಂದೋ ಸತ್ತುಹೋಗಿತ್ತು. ಸಾರು ಸೀದರೂ ಪಕ್ಕದ ಮನೆಯವರು ಬಂದು ಹೇಳಬೇಕು.

ದೊಡ್ಡತಾಯಮ್ಮನ ಮೂಗು ಚೆನ್ನಾಗಿತ್ತು.

“ಯಜಮಾನ್ರೇ, ಒಳಗೆ ಆಸ್ಪತ್ರೆ ಬಚ್ಚಲ ವಾಸ್ನೆ ಹೊಡೀತದೆ. ನಂಗೆ ನೆಲ ಒರೆಸಕ್ಕೂ ಆಗಾಕಿಲ್ಲ.”

“ಪುಡಿ ವಾಸನೆ ಕಣಮ್ಮ. ಇರಲೇಬೇಕು.”

“ಅಮ್ಮಾವ್ರ ನೀಲಿ ನೈಟಿ ನೋಡಿದ್ರಾ? ಸೊಂಟದ ಕೆಳಗೆ ಬೆಳ್ಳಗಾಗ್ಬುಟ್ಟದೆ.”

“ಹಳೇ ಬಟ್ಟೆ, ಬಣ್ಣ ಬಿಟ್ಟಿದೆ.”

“ಹಳೇದು ಅಂತ ಸೊಂಟದಿಂದ ಕೆಳಗೆ ಮಾತ್ರ ಬುಡ್ತದಾ?” ಎಂದಳು ಅವಳು. “ನಂಗ್ಯಾಕೆ ಬುಡಿ. ಓದಿರೋರು ನೀವು.”

ಅವರು ಕೊಳವೆಯನ್ನೇ ಅವಳ ಮುಖಕ್ಕೆ ಹಿಡಿದರು. “ನೋಡು. ಬಣ್ಣ ಇದೆಯಾ? ಇಲ್ಲ ತಾನೇ? ಇಲ್ಲದೇ ಇರೋದು ವಾಸನೆ ಹೊಡೆಯುತ್ತಾ?”

ಅವಳಿಗೆ ಕಂಡದ್ದೂ ಬಿಳಿ ನೀರೇ. ಬಕೆಟ್ಟು ಎತ್ತಿಕೊಂಡು ಹೋದಳು.

ಆದರೂ ಪಂಚಾಕ್ಷರಯ್ಯ ಕಲ್ಲೆದೆಯವರಲ್ಲ. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯ ಮುಖ ನೋಡಿದರು. ಕಣ್ಣು ಕೆಂಡದ ಹಾಗಿತ್ತು.

“ಕಣ್ಣೇನು ಕೆಂಪಗಿದೆ?”

“ಏನಿಲ್ಲ. ಒಗ್ಗರಣೆ ಹೊಗೆ.”

“ಕೆಮ್ತಿದ್ದೀಯಲ್ಲ?”

“ಏನಿಲ್ಲ ರೀ. ಚಳಿಗಾಲ ಅಲ್ವಾ.”

“ನೀರಲ್ಲಿ ಏನಾದರೂ ತೊಂದರೆ?”

ಅನ್ನ ಕಲೆಸುತ್ತಿದ್ದ ಗಿರಿಜಾಂಬರ ಕೈ ಒಂದು ಗಳಿಗೆ ನಿಂತಿತು. ಗಂಡನನ್ನು ನೋಡಿದರು. ಈ ಮನುಷ್ಯ ತನಗಾಗಿ ಅಂಗಳ ಅಗೆಸಿದ್ದಾರೆ. ಚಳಿಯಲ್ಲಿ ಆರೂವರೆಗೆ ಎದ್ದು ನೀರಿಗೆ ಕೈ ಹಾಕುತ್ತಾರೆ. ಚಿನ್ನ ತೂಗಿದ ಹಾಗೆ ತೂಗುತ್ತಾರೆ. ಇಂಥವರಿಗೆ ನಿಮ್ಮ ನೀರು ಸುಡುತ್ತದೆ ಎಂದು ಹೇಗೆ ಹೇಳುವುದು?

“ಏನಿಲ್ಲ,” ಎಂದರು. “ಮಜ್ಜಿಗೆ ಹಾಕ್ಲಾ?”

“ಹಾಕು,” ಎಂದರು ಪಂಚಾಕ್ಷರಯ್ಯ.

ಮೂವತ್ತೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಅಂಗಡಿಯವನ ‘ಏನಿಲ್ಲ’ವನ್ನು ಅವರು ನಂಬಿದವರಲ್ಲ. ಆ ಮಾತು ಕೇಳಿದ ಕೂಡಲೇ ತಟ್ಟೆ ಮಗುಚಿ ಅಡಿ ನೋಡುತ್ತಿದ್ದರು. ಅಂದು ಮಜ್ಜಿಗೆ ಅನ್ನ ಉಂಡು ಎದ್ದುಹೋದರು.

ಒಂಬತ್ತನೆಯ ಬೆಳಿಗ್ಗೆಯೂ ಕೊಳವೆ ಬಿಳಿ. ಪುಡಿ ಹಾಕಿದರು, ಆಸಿಡ್ ಹಾಕಿದರು, ಪಂಪು ತಿರುಗಿಸಿದರು. ಚಳಿ ಎಂದು ಕಿಟಕಿ ಮುಚ್ಚಿದರು. ಗಿರಿಜಾಂಬ ಇಳಿದರು.

ಒಂದು, ಎರಡು, ಮೂರು. ಪಂಚಾಕ್ಷರಯ್ಯ ಸುತ್ತು ಎಣಿಸುತ್ತ ಕುರ್ಚಿಯಲ್ಲಿ ಕೂತಿದ್ದರು. ಅವರ ಕಣ್ಣಲ್ಲೂ ನೀರು ಬರುತ್ತಿತ್ತು. ವಯಸ್ಸಾಯಿತು ಎಂದು ಟವೆಲ್ಲಿನಿಂದ ಒರೆಸಿಕೊಂಡರು. ಆರು, ಏಳು. ಎಂಟನೆಯ ಸುತ್ತಿಗೆ ಗಿರಿಜಾಂಬ ಸರಳು ಹಿಡಿದು ನಿಂತರು. ಕೆಮ್ಮಿದರು. ಕೆಮ್ಮು ನಿಲ್ಲಲಿಲ್ಲ.

“ಇನ್ನೆರಡೇ ಸುತ್ತು ಗಿರಿಜಾ. ಇವತ್ತು ಹತ್ತಾದರೂ ಮುಗಿಸಿಬಿಡು.”

ಗಿರಿಜಾಂಬ ತಲೆಯಾಡಿಸಿದರು. ಹೌದೆಂದು ಆಡಿಸಿದರೋ ಬೇಡವೆಂದು ಆಡಿಸಿದರೋ ತಿಳಿಯಲಿಲ್ಲ. ಒಂದು ಹೆಜ್ಜೆ ಇಟ್ಟರು. ತುಟಿ ನೀಲಿಯಾಗಿತ್ತು. ಬಾಯಿ ತೆರೆದುಕೊಂಡಿತು, ಉಸಿರು ಒಳಗೆ ಹೋಗಲಿಲ್ಲ.

ಪಂಚಾಕ್ಷರಯ್ಯ ಕೂಗಿಕೊಂಡರು. ದೊಡ್ಡತಾಯಮ್ಮ ಓಡಿಬಂದು ಸೀರೆ ಸಮೇತ ನೀರಿಗೆ ಹಾರಿ ಅಮ್ಮಾವ್ರನ್ನು ತೋಳಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಅಂಗಳಕ್ಕೆ ಬಂದ ಮೇಲೆ ಅವಳೂ ಕೆಮ್ಮುತ್ತ ಕುಸಿದು ಕೂತಳು.

ಆಸ್ಪತ್ರೆಯಲ್ಲಿ ಮೂರು ದಿನ ಗಿರಿಜಾಂಬರ ಮುಖದ ಮೇಲಿನ ಮಾಸ್ಕ್ ತೆಗೆಯಲಿಲ್ಲ. ಡಾಕ್ಟರು ಬಂದು ಕೇಳಿದರು.

“ಮನೇಲಿ ಏನಾದರೂ ಗ್ಯಾಸ್ ಸೋರಿತ್ತಾ?”

“ಇಲ್ಲ ಸಾರ್. ನೀರಲ್ಲಿ ನಡೀತಿದ್ದಳು.”

“ನೀರಿಗೆ ಕ್ಲೋರಿನ್ ಹಾಕ್ತೀರಾ?”

“ಹಾಕ್ತೀನಿ. ಆದರೆ ನೀರಲ್ಲಿ ಕ್ಲೋರಿನ್ನೇ ಇರಲಿಲ್ಲ. ದಿನಾ ಪರೀಕ್ಷೆ ಮಾಡಿದ್ದೀನಿ.”

ಡಾಕ್ಟರು ಅವರನ್ನು ಒಂದು ಕ್ಷಣ ನೋಡಿ ಮುಂದಿನ ಮಂಚಕ್ಕೆ ಹೋದರು.

ನಾಲ್ಕನೆಯ ದಿನ ಹೆಂಡತಿಗೆ ಬಟ್ಟೆ ತರಲು ಮನೆಗೆ ಬಂದಾಗ ಗೇಟಿನ ಮುಂದೆ ಇಮ್ತಿಯಾಜ್ ನಿಂತಿದ್ದ. ಕೊಳದ ಪಂಪು, ಫಿಲ್ಟರ್ ನೋಡಲು ಮೂರು ತಿಂಗಳಿಗೊಮ್ಮೆ ಬರುವವನು. ನರೆತ ಗಡ್ಡ, ಕಡಿಮೆ ಮಾತು. ತಗಡಿನ ಬಾಗಿಲು ತೆರೆದವನು ಕರವಸ್ತ್ರ ಮೂಗಿಗೆ ಒತ್ತಿ ಹಿಂದಕ್ಕೆ ಸರಿದ. ಕಿಟಕಿ, ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋದ.

“ಸಾರ್, ಇದರೊಳಗೆ ಯಾರಾದರೂ ಇಳಿದರಾ?”

ಪಂಚಾಕ್ಷರಯ್ಯ ಹೇಳಿದರು. ಇಮ್ತಿಯಾಜ್ ಮುಖ ಕಪ್ಪಿಟ್ಟಿತು. “ಕ್ಲೋರಿನ್ ವಿಪರೀತ ಆಗಿದೆ ಸಾರ್,” ಎಂದ.

“ಅದು ಹೇಗಯ್ಯಾ ಆಗುತ್ತೆ?” ಎಂದರು ಅವರು. ದನಿ ಏರಿತ್ತು. “ನೋಡು, ನಿನ್ನ ಕಣ್ಣೆದುರೇ ತೋರಿಸ್ತೀನಿ.” ಕೊಳವೆಗೆ ನೀರು ತುಂಬಿ ಹನಿ ಬಿಟ್ಟರು. ಗುಲಾಬಿ ಮಿಂಚಿತು, ಹೋಯಿತು. “ನೋಡಿದೆಯಾ? ಏನಿಲ್ಲ.”

ಇಮ್ತಿಯಾಜ್ ಅಡುಗೆಮನೆಯಿಂದ ಕುಡಿಯುವ ನೀರು ತರಿಸಿದ. ಒಂದು ಲೋಟದಲ್ಲಿ ಒಂಬತ್ತು ಮುಚ್ಚಳ ಕುಡಿಯುವ ನೀರು, ಒಂದು ಮುಚ್ಚಳ ಕೊಳದ ನೀರು ಬೆರೆಸಿದ. ಆ ತೆಳುವಾದ ನೀರನ್ನು ಕೊಳವೆಗೆ ತುಂಬಿ ಹನಿ ಬಿಟ್ಟ.

ಕೊಳವೆ ಗುಲಾಬಿಯಾಯಿತು. ಗುಲಾಬಿ ಗಾಢವಾಯಿತು. ಬೀಟ್ರೂಟಿನ ಪಲ್ಯ ಮಾಡಿದ ಕೈಯ ಹಾಗೆ ಕೆಂಪಾಯಿತು. ಪಟ್ಟಿಯ ಕೊನೆಯ ಬಣ್ಣವನ್ನೂ ದಾಟಿತು. ಈ ಸಲ ಬಣ್ಣ ಹೋಗಲಿಲ್ಲ.

“ಹತ್ತು ಪಾಲು ತೆಳು ಮಾಡಿದ ಮೇಲೂ ಇಷ್ಟು ಸಾರ್,” ಎಂದ ಇಮ್ತಿಯಾಜ್. “ಕ್ಲೋರಿನ್ ಹದ್ದು ಮೀರಿದರೆ ಬಣ್ಣವನ್ನೇ ಸುಟ್ಟುಬಿಡುತ್ತೆ. ಬಟ್ಟೆ ಬಣ್ಣ ಸುಡಲ್ವಾ, ಹಾಗೆ. ಅದು ಇಲ್ಲ ಅಂತ ಹೇಳ್ತಿರಲಿಲ್ಲ. ಹೇಳೋಕೂ ಆಗದಷ್ಟು ಇದೆ ಅಂತ ಅರ್ಥ.”

“ಮತ್ತೆ ನನಗೆ ಹೇಗೆ ಗೊತ್ತಾಗಬೇಕಿತ್ತು?”

“ಬಣ್ಣ ಬಂದು ಹೋಯ್ತಲ್ಲ ಸಾರ್, ಆ ಒಂದು ಕ್ಷಣ. ಅಷ್ಟೇ ಅದು ತೋರಿಸೋದು. ಅಲ್ಲಿ ಅನುಮಾನ ಬರಬೇಕು. ಇನ್ನೊಂದು ಸಲ, ಬೇರೆ ಥರ ಕೇಳಬೇಕು.”

ಪಂಚಾಕ್ಷರಯ್ಯ ಕೊಳದ ಕಟ್ಟೆಯ ಮೇಲೆ ಕೂತರು. ಒಂದು ಕ್ಷಣ ಬಂದು ಹೋದದ್ದು ಇನ್ನೂ ಒಂದಿತ್ತು. ಅನ್ನ ಕಲೆಸುತ್ತಿದ್ದ ಕೈ ನಿಂತದ್ದು. ಅದನ್ನೂ ಅವರು ನೋಡಿದ್ದರು.

ದೊಡ್ಡತಾಯಮ್ಮ ಅಮ್ಮಾವ್ರ ಬಟ್ಟೆ ಗಂಟು ಕಟ್ಟಿ ತಂದಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

“ಅಮ್ಮಾವ್ರಿಗೆ ಮೂರನೇ ದಿನದಿಂದ್ಲೇ ಉರೀತಿತ್ತು,” ಎಂದಳು. “ತೊಡೆಯೆಲ್ಲ ಕೆಂಪು ಗಂದೆ. ಕೊಬ್ರಿ ಎಣ್ಣೆ ಹಚ್ಚಿದ್ದು ನಾನೇ.”

“ಅವತ್ತೇ ಯಾಕೆ ಹೇಳಲಿಲ್ಲ ನೀನು?”

“ವಾಸ್ನೆ ಅಂತ ಹೇಳ್ದೆ. ನೈಟಿ ಅಂತ ಹೇಳ್ದೆ. ನೀವು ಗಾಜಿನ ಕೊಳವೆ ತಂದು ಮುಖಕ್ಕೆ ಹಿಡಿದ್ರಿ. ಗಂದೆ ವಿಚಾರ ಹೇಳಬ್ಯಾಡ ಅಂತ ಅಮ್ಮಾವ್ರು ಆಣೆ ಹಾಕ್ಸಿದ್ರು. ‘ಅವರು ನೊಂದ್ಕತಾರೆ ಕಣೇ, ಅಷ್ಟು ಆಸೆಯಿಂದ ಮಾಡ್ಸವ್ರೆ’ ಅಂದ್ರು.” ಅವಳು ಗಂಟನ್ನು ಅವರ ಮುಂದೆ ಇಟ್ಟಳು. “ಆಣೆ ಮುರೀಬೇಕಿತ್ತು ಯಜಮಾನ್ರೇ. ನಾನೂ ಕೆಟ್ಟೋಳೇ.”

ಪಂಚಾಕ್ಷರಯ್ಯ ಬಟ್ಟೆ ಗಂಟು ತೆಗೆದುಕೊಂಡು ಹೊರಟರು.

ಹನ್ನೆರಡನೆಯ ದಿನ ಗಿರಿಜಾಂಬ ಮನೆಗೆ ಬಂದರು. ಜೀವ ಉಳಿದಿತ್ತು. ಶ್ವಾಸಕೋಶದ ಒಳಪದರ ಸುಟ್ಟಿದೆ, ಹಳೆಯ ಹಾಗೆ ಆಗುವುದಿಲ್ಲ ಎಂದರು ಡಾಕ್ಟರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಉಸಿರಿಲ್ಲದ ಮೇಲೆ ಕಾಲಿಗೆ ಕಸುವಿದ್ದು ಏನು ಬಂತು? ಐದು ತಿಂಗಳಲ್ಲಿ ಕಾಲು ಕಲಿತದ್ದನ್ನೆಲ್ಲ ಒಂದೂವರೆ ತಿಂಗಳಲ್ಲಿ ಮರೆತುಬಿಟ್ಟಿತು. ಗಾಲಿಕುರ್ಚಿ ಬಂತು.

“ಜಾಸ್ತಿ ಮಾತಾಡಿಸಬೇಡಿ,” ಎಂದೂ ಹೇಳಿದ್ದರು ಡಾಕ್ಟರು. “ಒಂದು ಉಸಿರಿಗೆ ಎರಡು ಮೂರು ಪದ. ಅಷ್ಟೇ.”

ಇಮ್ತಿಯಾಜ್ ಬಂದು ಕೊಳ ಬರಿದು ಮಾಡಿ ಹೋದ. ಕಿಟಕಿಯಿಂದ ಒಣ ಹೆಂಚು ಕಾಣುತ್ತಿತ್ತು.

ಒಂದು ಮಧ್ಯಾಹ್ನ ಪಂಚಾಕ್ಷರಯ್ಯ ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡು ಕೂತರು. ಪೇಪರ್ ಮಡಿಚಿ ಆಚೆ ಇಟ್ಟರು.

“ಗಿರಿಜಾ.”

ಆಕೆ ನೋಡಿದರು.

“ನೀರು ಸುಡ್ತಿತ್ತಾ?”

ರೂಢಿಯ ಮಾತು ತುಟಿವರೆಗೆ ಬಂತು. “ಏನಿ…”

“ಬೇಡ,” ಎಂದರು ಅವರು. “ಅದು ಬೇಡ. ನನಗೆ ನೋವಾಗುತ್ತೆ ಅಂತ ನೋಡಬೇಡ. ಆಗಲಿ. ಸುಡ್ತಿತ್ತಾ?”

ಗಿರಿಜಾಂಬ ಹೌದೆಂದು ತಲೆಯಾಡಿಸಿದರು. “ಸುಡ್ತಿತ್ತು.”

“ಬೇರೆ ಏನಾದರೂ ಇತ್ತಾ? ಇನ್ನೂ ಏನಾದರೂ, ನಾನು ಕೇಳದೇ ಬಿಟ್ಟಿದ್ದು?”

ಆಕೆ ಉಸಿರು ಕೂಡಿಸಿಕೊಂಡರು. ಕೊಡ ತುಂಬಿಸಲು ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕಾಯುವಂತೆ ಕಾದು ಕೂಡಿಸಿಕೊಂಡರು.

“ನಂಗೆ… ನೀರಂದ್ರೆ… ಭಯ.”

“ಯಾವಾಗಿಂದ? ಸುಟ್ಟ ಮೇಲಿಂದಲಾ?”

ಅಲ್ಲ ಎಂದು ತಲೆಯಾಡಿತು.

“ಮೊದ್ಲಿಂದ. ನಮ್ಮೂರ… ಕೆರೆ…” ಕೆಮ್ಮು ಬಂತು. ಪಂಚಾಕ್ಷರಯ್ಯ ಎದ್ದು ಬೆನ್ನು ಸವರಿದರು, ನೀರು ಕುಡಿಸಿದರು. ಕೆಮ್ಮು ಇಳಿದ ಮೇಲೆ ಆಕೆ ಅವರ ಕೈ ಬಿಡದೆ ಹೇಳಿದರು. “ನನ್ನ… ತಂಗಿ.”

“ತಂಗಿ? ನಿನಗೆ ತಂಗಿ ಇದ್ದಳಾ?”

ಗಿರಿಜಾಂಬ ಹೌದೆಂದು ಕಣ್ಣು ಮುಚ್ಚಿ ತೆರೆದರು.

ಮದುವೆಯಾಗಿ ನಲವತ್ತೆರಡು ವರ್ಷ. ಮಾವನ ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಗೋಡೆಯ ಮೇಲೆ ಅಂಥ ಒಂದು ಪಟವೂ ಇರಲಿಲ್ಲ. ಅವಳ ಹೆಸರೇನು, ಎಷ್ಟು ವರ್ಷದವಳಿದ್ದಳು, ಆ ದಿನ ಕೆರೆಯ ಹತ್ತಿರ ಇನ್ನು ಯಾರಿದ್ದರು, ಕೈ ಹಿಡಿದಿದ್ದವರು ಯಾರು? ಪಂಚಾಕ್ಷರಯ್ಯನವರಿಗೆ ಎಲ್ಲವನ್ನೂ ಕೇಳಬೇಕೆನಿಸಿತು. ಗಿರಿಜಾಂಬರಿಗೂ ಎಲ್ಲವನ್ನೂ ಹೇಳಬೇಕೆನಿಸಿತು. ಅದು ಮುಖದಲ್ಲಿ ಕಾಣುತ್ತಿತ್ತು. ಬಾಯಿ ತೆರೆದರು. ಎದೆ ಮೇಲೆದ್ದು ಅಲ್ಲೇ ನಿಂತಿತು. ಸೀಟಿಯಂಥ ಒಂದು ಸದ್ದು ಬಂತು, ಪದ ಬರಲಿಲ್ಲ.

ಪಂಚಾಕ್ಷರಯ್ಯ ಒಳಗೆ ಓಡಿ ಒಂದು ಕಾಗದ, ಪೆನ್ನು ತಂದು ತೊಡೆಯ ಮೇಲಿಟ್ಟರು. “ಬರಿ. ನಿಧಾನಕ್ಕೆ ಬರಿ.”

ಆಕೆ ಪೆನ್ನು ಹಿಡಿದರು. ಕಾಗದವನ್ನು ನೋಡಿದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯಲ್ಲಿ ಒಮ್ಮೆಯೂ ಆಡದ್ದನ್ನು ಕೈ ಎಲ್ಲಿಂದ ಬರೆಯಬೇಕು? ಪೆನ್ನನ್ನು ಮೆಲ್ಲಗೆ ಗಂಡನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಬರೆಯೋದಲ್ಲ… ಹೇಳೋ… ಮಾತು,” ಎಂದರು.

ಆಮೇಲೆ ಪಂಚಾಕ್ಷರಯ್ಯ ದಿನಾ ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಬಂದು ಕೂರತೊಡಗಿದರು. ಅವಸರ ಮಾಡುತ್ತಿರಲಿಲ್ಲ. ಒಳ್ಳೆಯ ದಿನ ಎರಡು ಪದ ಸಿಗುತ್ತಿತ್ತು. ಹೆಚ್ಚಿನ ದಿನ ಒಂದೂ ಇಲ್ಲ. ಮೂರು ತಿಂಗಳು ಕಳೆಯುವುದರೊಳಗೆ ಆ ಮಗುವಿನ ಹೆಸರು ಸಿಕ್ಕಿತು. ಅವಳು ಹಸಿರು ಲಂಗ ತೊಟ್ಟಿದ್ದಳು ಎಂಬುದು ಸಿಕ್ಕಿತು. ಉಳಿದದ್ದನ್ನು ಹೇಳುವಷ್ಟು ಉಸಿರು ಗಿರಿಜಾಂಬರ ಎದೆಗೆ ಮರಳಿ ಬರಲೇ ಇಲ್ಲ.

ನೀತಿ: ಕೊಳವೆಯಲ್ಲಿ ಬಣ್ಣ ಕಾಣದಿದ್ದ ಮಾತ್ರಕ್ಕೆ ನೀರಿನಲ್ಲಿ ವಿಷವಿಲ್ಲ ಎಂದುಕೊಳ್ಳಬಾರದು. ಬಾಯಲ್ಲಿ ದೂರು ಬರದಿದ್ದ ಮಾತ್ರಕ್ಕೆ ಮನಸ್ಸಿನಲ್ಲಿ ನೋವಿಲ್ಲ ಎಂದುಕೊಳ್ಳಬಾರದು. ಹದ್ದು ಮೀರಿದ ನೋವು ‘ಏನಿಲ್ಲ’ ಎಂದೇ ಹೇಳುತ್ತದೆ. ನಮ್ಮವರು ಹಾಗೆಂದಾಗ ನಂಬಿ ಎದ್ದುಹೋಗದೆ ಇನ್ನೊಂದು ಸಲ ಕೇಳಿ, ಹೇಳಲು ಅವರಲ್ಲಿ ಉಸಿರಿರುವಾಗಲೇ ಕೇಳಿ.